ನಮ್ಮ ಗಿರಣಿಯವರಲ್ಲ

2024 ನವೆಂಬರ್ 19, ಮಂಗಳವಾರ

ಎರಡು ಸಲ ಸ್ನಾನ ಮಾಡಿದೆ. ಆದರೂ ಉಗುರಿನ ಸಂದಿಯಲ್ಲಿ ರಕ್ತ ಉಳಿದಿದೆ.

ಬೆಳಿಗ್ಗೆ ನಮ್ಮ ಸಿಂಧನೂರಿನ ಗಿರಣಿಯ ಮುಂದೆ ವಳಕಮದಿನ್ನಿಯ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಭತ್ತದ ತೂಕ ಬರೆದುಕೊಂಡು ಆಗತಾನೆ ಆಫೀಸಿನಲ್ಲಿ ಬಂದು ಕುಳಿತಿದ್ದೆ. ಒಳಗಿನಿಂದ ಹೆಂಗಸರು ಕೂಗಿದ್ದು ಕೇಳಿಸಿತು. ಗಿರಣಿಯ ಸದ್ದಿನಲ್ಲಿ ಯಾರ ಕೂಗೂ ಹೊರಗೆ ಬರುವುದಿಲ್ಲ. ಇದು ಬಂತು. ಓಡಿದೆ. ಭತ್ತ ಸುರಿಯುವ ಎಲಿವೇಟರಿನ ಗುಂಡಿಯ ಪಕ್ಕ ಖಾತೂನ್ ಖಾಲಾ ಗೋಡೆಗೆ ಒರಗಿ ಕುಳಿತಿದ್ದರು. ಬಲಗೈ ಮೊಣಕೈಯಿಂದ ಕೆಳಗೆ ಕೈಯಾಗಿ ಉಳಿದಿರಲಿಲ್ಲ. ಅವರು ಅಳುತ್ತಿರಲಿಲ್ಲ. ಎಡಗೈಯಿಂದ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಕೆಳಗಿನ ಗುಂಡಿಯಿಂದ ಭತ್ತವನ್ನು ಮೇಲಕ್ಕೆ ಎತ್ತುವ ಬೆಲ್ಟಿಗೆ ಕೈ ಸಿಕ್ಕಿತ್ತು. ಸುತ್ತ ಚೆಲ್ಲಿದ ಭತ್ತವನ್ನು ಗುಡಿಸಿ ಮತ್ತೆ ಗುಂಡಿಗೆ ಹಾಕುವುದು ಖಾಲಾನ ಕೆಲಸ. ಹೆಸರು ಖಾತೂನ್‌ಬೀ, ನನಗೆ ಚಿಕ್ಕಮ್ಮನ ಹಾಗೆ, ಖಾಲಾ ಎನ್ನುತ್ತೇನೆ. ಬೆಲ್ಟಿನ ಮುಂದಿದ್ದ ತಗಡಿನ ಮುಚ್ಚಳ ದಸರೆಗೆ ಮುಂಚೆಯೇ ಕಿತ್ತು ಹೋಗಿತ್ತು. ಮೆಕ್ಯಾನಿಕ್ ಬಾಬುಸಾಬ್ ಆಫೀಸಿಗೆ ಬಂದು, ನನ್ನ ಎದುರಿಗೇ, ಅದನ್ನು ವೆಲ್ಡಿಂಗ್ ಮಾಡಿಸಬೇಕೆಂದು ಗಿರಣಿಯ ಮಾಲೀಕರಾದ ಸಾವ್ಕಾರರಿಗೆ ಹೇಳಿದ್ದ. ಸುಗ್ಗಿ ಮುಗಿಯಲಿ ಅಂದಿದ್ದರು.

ಸಾವ್ಕಾರರ ಕಾರಿನಲ್ಲೇ ಕರೆದುಕೊಂಡು ಹೋದೆವು. ಹಿಂದಿನ ಸೀಟಿನಲ್ಲಿ ಖಾಲಾನ ತಲೆ ನನ್ನ ತೊಡೆಯ ಮೇಲಿತ್ತು. ಸೂಗಪ್ಪ ಸಾವ್ಕಾರರು ಕಾರು ಓಡಿಸುತ್ತಲೇ ಅಳುತ್ತಿದ್ದರು. "ಕಣ್ ಮುಚ್ಚಬ್ಯಾಡ ಖಾತೂನ್‌ಬೀ, ಬಂತು, ಬಂತು ದವಾಖಾನಿ" ಅನ್ನುತ್ತಿದ್ದರು. ಅವರು ಅತ್ತದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಅಲ್ಲಿ ಡಾಕ್ಟರು ಏನಾಯಿತು ಎಂದು ಕೇಳಿದರು. "ಮನ್ಯಾಗ ಮೇವು ಕತ್ತರ್ಸೋ ಮಷಿನ್ನಿಗೆ ಸಿಕ್ಕಾಳ್ರಿ" ಎಂದರು ಸಾವ್ಕಾರರು. ಗಾಬರಿಯಲ್ಲಿ ಹಾಗೆ ಅಂದಿರಬೇಕು. ನಾನೂ ಗಾಬರಿಯಲ್ಲಿದ್ದೆ, ಏನೂ ಅನ್ನಲಿಲ್ಲ. ಕೂಡಲೇ ಆಂಬುಲೆನ್ಸಿನಲ್ಲಿ ರಾಯಚೂರಿಗೆ ಕಳಿಸಿದರು. ಖಾಲಾನ ಮಗಳು ಮುಸರತ್ ಹೊಲಿಗೆ ಅಂಗಡಿಯಿಂದ ಹಾಗೇ ಓಡಿ ಬಂದು ಹತ್ತಿಕೊಂಡಳು. ಅವಳ ಕೊರಳಲ್ಲಿ ಅಳತೆ ಟೇಪು ಜೋತಾಡುತ್ತಿತ್ತು.

2024 ನವೆಂಬರ್ 22

ಕೈ ತೆಗೆದಿದ್ದಾರೆ. ಮುಸರತ್ ಫೋನಿನಲ್ಲಿ ಹೇಳಿದಳು. ಜೀವಕ್ಕೆ ಅಪಾಯವಿಲ್ಲವಂತೆ.

ಗಿರಣಿ ನಿಂತಿಲ್ಲ. ಹೊರಗೆ ಭತ್ತ ಬಿದ್ದಿದೆ, ನಿಲ್ಲಿಸಲು ಆಗುವುದಿಲ್ಲ. ಬಾಬುಸಾಬ್ ನಿನ್ನೆಯೇ ಹೊಸ ತಗಡು ತರಿಸಿ ಮುಚ್ಚಳ ಕೂರಿಸಿದ. ಅರ್ಧ ತಾಸಿನ ಕೆಲಸ.

ಮಧ್ಯಾಹ್ನ ಡಬ್ಬಿ ಬಿಚ್ಚಿ ಹಾಗೇ ಮುಚ್ಚಿಟ್ಟೆ. ಹೋದ ವರ್ಷ ಶ್ರಾವಣದಲ್ಲಿ ಇದೇ ಆಫೀಸಿನಲ್ಲಿ ನನಗೆ ಹೊಟ್ಟೆನೋವು ಬಂದು ಕುರ್ಚಿ ರಕ್ತದಲ್ಲಿ ತೊಯ್ದಾಗ ಬಾಗಿಲು ಹಾಕಿ, ತಮ್ಮ ಚೀಲದಲ್ಲಿದ್ದ ಸೀರೆಯನ್ನೇ ನನಗೆ ಸುತ್ತಿ, ಆಟೋ ಕರೆಸಿ ದವಾಖಾನೆಗೆ ಕರೆದೊಯ್ದವರು ಖಾಲಾ. ಮೂರು ತಿಂಗಳು ತುಂಬಿದ ಮೇಲೆ ಹೇಳೋಣ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಇವರು ಕೆಲಸದ ಊರು ಹೈದರಾಬಾದಿನಿಂದ ಹಬ್ಬಕ್ಕೆ ಬಂದಾಗ ಎದುರಿಗೇ ಹೇಳಬೇಕೆಂದಿದ್ದೆ. ಆಮೇಲೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಎರಡು ದಿನ ಖಾಲಾ ನನ್ನ ಹತ್ತಿರವೇ ಇದ್ದರು. ನನ್ನ ಬಟ್ಟೆ ಒಗೆದರು. "ಯಾರ ಮುಂದೂ ಬಾಯಿ ಬಿಡಂಗಿಲ್ಲ ಬೇಟಿ, ನೀನs ಹೇಳಬೇಕು ಅನ್ನೋ ತನಕ" ಅಂದಿದ್ದರು. ಇವತ್ತಿನವರೆಗೂ ಬಿಟ್ಟಿಲ್ಲ.

2024 ಡಿಸೆಂಬರ್ 1, ಭಾನುವಾರ

ರಾಯಚೂರಿಗೆ ಹೋಗಿ ನೋಡಿಕೊಂಡು ಬಂದೆ. ಮೋಸಂಬಿ ಒಯ್ದಿದ್ದೆ. ಸುಲಿದು ಕೊಡುವಾಗ ಖಾಲಾ ಅಭ್ಯಾಸದಿಂದ ಬಲಗಡೆಯ ಬ್ಯಾಂಡೇಜು ಮುಂದೆ ಚಾಚಿದರು. ಇಬ್ಬರೂ ಅದನ್ನೇ ನೋಡಿದೆವು.

"ಬೆರಳು ಕಡೀತಾವ ಬೇಟಿ. ಇಲ್ಲದ ಬೆರಳು. ಎಲ್ಲಿ ಕೆರಕೊಳ್ಳಲಿ ಹೇಳು" ಎಂದರು.

ಮುಸರತ್ ನನ್ನನ್ನು ವರಾಂಡಕ್ಕೆ ಕರೆದಳು. "ಅಕ್ಕಾ, ದವಾಖಾನಿ ಕಾಗದದಾಗ ಮೇವಿನ ಮಷಿನ್ ಅಂತ ಬರದಾರ. ನಮ್ಮ ಮನ್ಯಾಗ ಒಂದು ಆಡೂ ಇಲ್ಲ. ಮೇವಿನ ಮಷಿನ್ ಎಲ್ಲಿಂದ ಬಂತು?"

ಸಾವ್ಕಾರರು ಗಾಬರಿಯಲ್ಲಿ ಅಂದದ್ದು, ನಾನು ತಿದ್ದಿಸುತ್ತೇನೆ ಎಂದೆ. ಹೊರಡುವಾಗ ಖಾಲಾ ಎಡಗೈಯಿಂದ ನನ್ನ ಕೈ ಹಿಡಿದುಕೊಂಡರು. "ನೀ ಓದಿದಾಕಿ ಅದಿ. ನಿನಗ ಗೊತ್ತಾಗ್ತೈತಿ" ಎಂದರು. ನಾನಿದ್ದೇನೆ ಖಾಲಾ ಎಂದು ಹೇಳಿ ಬಂದೆ. ಹೇಳಿದ ಮೇಲೆ ಮಾಡಬೇಕು. ನಾಳೆಯೇ ಮಾತಾಡುತ್ತೇನೆ.

2024 ಡಿಸೆಂಬರ್ 14

ಇವತ್ತು ಮಾತಾಡಿದೆ. ಇಷ್ಟು ದಿನ ಸಾವ್ಕಾರರು ಒಬ್ಬರೇ ಸಿಕ್ಕಿರಲಿಲ್ಲ.

ಅವರು ಸಿಟ್ಟಾಗಲಿಲ್ಲ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕುಳಿತರು. "ತಿದ್ದಸೋದು ದೊಡ್ಡ ಮಾತಲ್ಲ ವಿಜಯಶ್ರೀ. ತಿದ್ದಸಿದ್ರ ಮೊದಲು ಪೊಲೀಸರು ಬರ್ತಾರ, ಆಮ್ಯಾಲ ಕಾರ್ಖಾನಿ ಇಲಾಖೆಯವರು ಬರ್ತಾರ. ಸುಗ್ಗಿಯೊಳಗ ಗಿರಣಿ ಸೀಲ್ ಮಾಡ್ತಾರ. ಇಲ್ಲಿ ದುಡಿಯೋ ಮಂದಿ ಎಲ್ಲಿ ಹೋಗಬೇಕು? ದವಾಖಾನಿ ಖರ್ಚು ನಾ ನೋಡಿಕೊಂಡೀನಿ. ಮುಂದೂ ಆಕಿನ್ನ ಕೈಬಿಡಂಗಿಲ್ಲ. ಬಸವಣ್ಣನ ಆಣಿ."

ಅವರು ಹೇಳುವುದರಲ್ಲೂ ಅರ್ಥವಿದೆ. ಗುಡಿಸುವ, ಚೀಲ ಹೊಲಿಯುವ ಹೆಂಗಸರ ಹೆಸರನ್ನು ಎಲ್ಲಿಯೂ ಬರೆಯುವುದಿಲ್ಲ. ಶನಿವಾರ ತಲೆ ಎಣಿಸಿ ಕೂಲಿ ಹಂಚುತ್ತೇನೆ, ಅಷ್ಟೇ. ವಿಮೆ ಇಲ್ಲ. ಕಾನೂನಿನ ಪ್ರಕಾರ ಹೋದರೆ ಮೊದಲು ಗಿರಣಿ ಮುಚ್ಚುತ್ತದೆ. ಗಿರಣಿ ಮುಚ್ಚಿದರೆ ಖಾಲಾನಿಗೆ ತಾನೇ ಯಾರು ಕೊಡುತ್ತಾರೆ?

ಮುಸರತ್‌ಗೆ ಫೋನ್ ಮಾಡಿ ಸ್ವಲ್ಪ ತಾಳಿಕೊಳ್ಳಿ ಎಂದೆ.

2025 ಜನವರಿ 27, ಸೋಮವಾರ

ಲಿಂಗಸುಗೂರಿನ ಕೋರ್ಟಿನಿಂದ ನೋಟಿಸ್ ಬಂತು. ಖಾತೂನ್‌ಬೀ ಅವರು ಅಲ್ಲಿ ತಮ್ಮನ ಮನೆಗೆ ಹೋಗಿ ಇದ್ದಾರಂತೆ. ಕೆಲಸದಲ್ಲಿ ಕೈ ಹೋಗಿದೆ, ಪರಿಹಾರ ಕೊಡಿಸಬೇಕು ಎಂದು ಅರ್ಜಿ. ನನಗೆ ಒಂದು ಮಾತು ತಿಳಿಸಬಹುದಿತ್ತು. ತಾಳಿಕೊಳ್ಳಿ ಎಂದು ನಾನು ಅಷ್ಟು ಹೇಳಿದ್ದೆ.

ಸಾವ್ಕಾರರು ನೋಟಿಸನ್ನು ಓದಿ, ಮಡಿಚಿ, ಮತ್ತೆ ಬಿಚ್ಚಿ ಓದಿದರು. "ನನ್ನ ಕಾರಿನ್ಯಾಗ ಆಕಿ ರಕ್ತದ ಕಲಿ ಇನ್ನೂ ಹೋಗಿಲ್ಲ. ಕೈಬಿಟ್ಟಿದ್ನ್ಯಾ ನಾ?" ಎಂದರು. ಪಾಪ, ಅವರಿಗೂ ನೋವಾಗಿದೆ. ಆದರೆ ಡಿಸ್ಚಾರ್ಜ್ ಆದ ಮೇಲೆ ಅವರು ಒಮ್ಮೆಯೂ ಹೋಗಿ ನೋಡಿಲ್ಲ ಎನ್ನುವುದೂ ನಿಜ.

ಸಂಜೆ ವಕೀಲರು ಬಂದರು. ಆಕೆ ಗಿರಣಿಯಲ್ಲಿ ಎಂದೂ ಕೆಲಸ ಮಾಡಿಲ್ಲ, ದವಾಖಾನೆಯ ಕಾಗದದಲ್ಲೇ ಎಲ್ಲ ಇದೆ ಎಂದು ಉತ್ತರ ಕೊಡುತ್ತಾರಂತೆ. ಕಾರಿನಲ್ಲಿ ಯಾಕೆ ಒಯ್ದಿರಿ ಎಂದು ಕೇಳಿದರೆ? ದಾರಿಯಲ್ಲಿ ಕಂಡಳು, ಮನುಷ್ಯತ್ವ ಎಂದು ಸಾವ್ಕಾರರೊಬ್ಬರೇ ಒಯ್ದರು ಅನ್ನುತ್ತಾರಂತೆ.

2025 ಫೆಬ್ರುವರಿ 8

ಬಾಬುಸಾಬ್ ಖಾತೂನ್‌ಬೀ ಪರವಾಗಿ ಸಾಕ್ಷಿ ಹೇಳುತ್ತಾನೆಂದು ಸುದ್ದಿ ಬಂತು. ಅವನನ್ನು ಕೆಲಸದಿಂದ ತೆಗೆದರು. ಬೇರಿಂಗ್ ಕದ್ದು ಮಾರಿದ್ದಾನೆಂದು ಒಂದು ಕಾಗದ ಟೈಪ್ ಮಾಡಲು ಹೇಳಿದರು. ಅಕ್ಟೋಬರಿನ ತಾರೀಖು ಹಾಕಲು ಹೇಳಿದರು. ಹಾಕಿದೆ. ಟೈಪ್ ಮಾಡುವುದು ನನ್ನ ಕೆಲಸ, ಬರೆಸಿದವರು ಬೇರೆಯವರು.

ಅವನು ಆಫೀಸಿನ ಮುಂದೆ ನಿಂತು ಸೈಕಲ್ಲಿನ ಮೇಲೆ ಸ್ಪ್ಯಾನರಿನ ಚೀಲ ಕಟ್ಟಿಕೊಳ್ಳುತ್ತಿದ್ದ. ನಾನು ಕಿಟಕಿಯ ಹತ್ತಿರ ಇದ್ದೆ. "ವಿಜಯಕ್ಕಾರ, ನೀವರೆ ಕೇಳಿದ್ರಲ್ಲರಿ ಅವತ್ತು, ನಾ ಮುಚ್ಚಳದ ಬಗ್ಗೆ ಹೇಳಿದ್ದು" ಎಂದ. ಕೂಗಿ ಹೇಳಲಿಲ್ಲ, ಸಹಜವಾಗಿ ಕೇಳಿದ. ಅಷ್ಟರಲ್ಲಿ ತೂಕದ ಕಡೆಯಿಂದ ಕರೆ ಬಂತು, ಹೋದೆ.

2025 ಮಾರ್ಚ್ 12

ಬಹಳ ದಿನದಿಂದ ಬರೆದಿಲ್ಲ. ಬರೆಯುವಂಥದ್ದು ಇವತ್ತು ಆಯಿತು.

ಸಾವ್ಕಾರರು ಮಸ್ಕಿಯಲ್ಲಿ ಹೊಸ ಗೋದಾಮು ಕಟ್ಟಿಸಿದ್ದಾರೆ. ಒಳ್ಳೆಯ ಉಸ್ತುವಾರಿ ಬೇಕು. "ಶಿವಕಾಂತ ಅಲ್ಲಿ ಹೈದರಾಬಾದಿನ್ಯಾಗ ಮಂದಿ ಗೋದಾಮು ಕಾಯೋಕಿಂತ ನಮ್ಮದು ಕಾಯ್ಲಿ. ಗಂಡ ಹೆಂಡತಿ ಹಿಂಗ ದಿಕ್ಕಿಗೊಬ್ಬರು ಇರೋದು ಚೆಂದಲ್ಲ" ಎಂದರು. ನಾನು ಕೇಳಿರಲಿಲ್ಲ. ಅವರಾಗಿಯೇ ಹೇಳಿದರು.

ಫೋನು ಮಾಡಿ ಹೇಳಿದಾಗ ಇವರು ನಂಬಲಿಲ್ಲ. ಖರೇನಾ, ಖರೇನಾ ಎಂದು ಕೇಳುತ್ತಲೇ ಇದ್ದರು. ನಾಲ್ಕು ವರ್ಷದ ಮದುವೆಯಲ್ಲಿ ನಾವು ಒಟ್ಟಿಗೆ ಇದ್ದ ದಿನಗಳನ್ನು ಹಬ್ಬದ ಲೆಕ್ಕದಲ್ಲಿ ಹೇಳಬೇಕು. ಒಬ್ಬಳೇ ಉಣ್ಣಲು ಬೇಜಾರಾಗಿ ಎಷ್ಟೋ ದಿನ ಚುರುಮುರಿ ತಿಂದು ಮಲಗಿದ್ದೇನೆ. ಇನ್ನು ಮಸ್ಕಿಯಿಂದ ದಿನಾ ಬೈಕಿನಲ್ಲಿ ಮನೆಗೆ ಬರಬಹುದು. ಸಂತೆಕಲ್ಲೂರಿನಲ್ಲಿರುವ ಅತ್ತೆಗೂ ಮಗ ಹತ್ತಿರವಾದ. ಅವರು ಫೋನಿನಲ್ಲಿ, "ನಿಮ್ಮ ಸಾವ್ಕಾರನ ಹೊಟ್ಟಿ ತಣ್ಣಗಿರಲಿ" ಎಂದು ಹರಸಿದರು.

ಬರುವಾಗ ದೊಡ್ಡ ಕುಕ್ಕರ್ ನೋಡಿ ಬಂದೆ. ಯುಗಾದಿಗೆ ಹೋಳಿಗೆ ಮಾಡಬೇಕು. ಇವರಿಗೆ ಕಟ್ಟಿನ ಸಾರು ಅಂದರೆ ಪ್ರಾಣ.

ಸಂಜೆ ಹೊರಡುವಾಗ ಸಾವ್ಕಾರರು ಇನ್ನೊಂದು ಮಾತು ಹೇಳಿದರು. ಲಿಂಗಸುಗೂರಿನ ಕೇಸಿನಲ್ಲಿ ಗಿರಣಿಯ ಪರವಾಗಿ ಒಬ್ಬರು ಹೇಳಬೇಕಾಗುತ್ತದೆ, ಆಫೀಸಿನವರು ನೀನೇ ಎಂದರು. ಆಗಲಿ ಸರ್ ಎಂದೆ.

2025 ಮಾರ್ಚ್ 28

ಬಂದರು. ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ. ಬಾಗಿಲ ಮುಂದೆ ಅವರ ಚಪ್ಪಲಿ ಇದೆ. ಸುಮ್ಮನೆ ಎರಡು ಸಲ ಹೋಗಿ ನೋಡಿದೆ.

2025 ಜೂನ್ 22, ಭಾನುವಾರ

ಇವರು ಹೊಲದ ಕೆಲಸಕ್ಕೆ ಸಂತೆಕಲ್ಲೂರಿಗೆ ಹೋಗಿದ್ದರು. ಮಧ್ಯಾಹ್ನ ಮುಸರತ್ ಬಂದಳು. ಬಾಗಿಲು ತೆರೆದು ಅವಳನ್ನು ಕಂಡ ಕೂಡಲೇ ಓಣಿಯಲ್ಲಿ ಯಾರಾದರೂ ನೋಡಿದರೋ ಏನೋ ಎನಿಸಿತು.

ಚಹಾ ಕೊಟ್ಟೆ, ಮುಟ್ಟಲಿಲ್ಲ.

"ಅಮ್ಮ ಹೋಗಬ್ಯಾಡ ಅಂದಿದ್ಲು. ನಾನs ಬಂದೆ" ಎಂದಳು. "ಗಿರಣ್ಯಾಗ ಯಾರನ್ನ ಕೇಳಿದ್ರೂ ಬಾಯಿ ಬಿಡವಲ್ರು. ಕೂಲಿ ಹೋಗ್ತೈತಿ ಅಂತಾರ. ಖರೆ ಐತಿ, ಅವರನ್ನೇನು ಅನ್ನಂಗಿಲ್ಲ. ನಿಮಗ ಹಂಗಿಲ್ಲಲ್ಲಕ್ಕ. ನೀವು ಕಲ್ತವರು. ಇಲ್ಲಿ ಬಿಟ್ರ ಇನ್ನೊಂದು ಕಡೆ ಕೆಲಸ ಸಿಗ್ತೈತಿ. ನೀವು ಒಂದs ಮಾತು ಹೇಳ್ರಿ ಸಾಕು. ಖಾತೂನ್‌ಬೀ ಇಲ್ಲಿ ಕೆಲಸ ಮಾಡ್ತಿದ್ಲು ಅಂತ."

ನನ್ನ ಗಂಡನಿಗೂ ಅವರೇ ಕೆಲಸ ಕೊಟ್ಟಿದ್ದಾರೆ ಮುಸರತ್, ನನ್ನ ಕಷ್ಟವನ್ನೂ ನೋಡು ಎಂದೆ.

ಅವಳು ದನಿ ತಗ್ಗಿಸಿದಳು. "ವಕೀಲರು ಕೇಳಿದ್ರು, ಆ ಆಫೀಸಿನ ಹೆಣ್ಣುಮಗಳಿಗೂ ನಿಮ್ಮ ಅಮ್ಮನಿಗೂ ಗುರ್ತು ಇತ್ತು ಅನ್ನಾಕ ಏನರ ಪುರಾವೆ ಐತೇನು ಅಂತ. ನಿಮ್ಮನ್ನ ದವಾಖಾನಿಗೆ ಕರಕೊಂಡು ಹೋಗಿದ್ದು ಹೇಳು ಅಂತ ನಾ ಅಮ್ಮಗ ಅಂದೆ. ಆಕಿ ಎರಡು ದಿನ ಮನಿಗೆ ಬರದಿದ್ದಾಗs ನನಗ ಗೊತ್ತಾಗಿತ್ತು. ಜೋಡಿ ಬಂದವರು ಅಂತ ಅಲ್ಲಿ ಬರಸಿದ್ದು ಆಕಿ ಹೆಸರs. ಆಕಿ ನನಗ ಬೈದ್ಲು. ಅದು ನಿಮ್ಮ ಮಾತು, ಕೋರ್ಟಿನ್ಯಾಗ ಮಂದಿ ಮುಂದ ಆಡೋದಲ್ಲ ಅಂದ್ಲು" ಎಂದಳು.

ಇಷ್ಟು ದಿನ ನನಗೆ ಅದು ಹೊಳೆದೇ ಇರಲಿಲ್ಲ. ಅದನ್ನು ತರಬೇಡ, ನಿನ್ನ ಕಾಲು ಹಿಡಿಯುತ್ತೇನೆ ಎಂದೆ. ನಮ್ಮವರಿಗೆ ಗೊತ್ತಿಲ್ಲ, ಅತ್ತೆಗೆ ಗೊತ್ತಿಲ್ಲ ಎಂದೆ.

"ನಾ ತರಾಕಿ ಅಲ್ಲಕ್ಕ. ಅಮ್ಮ ಒಲ್ಲೆ ಅಂದ ಮ್ಯಾಲ ಮುಗೀತು" ಎಂದು ಎದ್ದಳು.

ಹೆದರಿಸಲಿಕ್ಕೇ ಬಂದಿದ್ದಳೋ ಏನೋ. ಇಲ್ಲದಿದ್ದರೆ ಆ ಮಾತು ಯಾಕೆ ಎತ್ತಬೇಕಿತ್ತು?

2025 ಜೂನ್ 24

ಊಟ ಮಾಡುವಾಗ ಇವರು ಕೇಳಿದರು. "ಆ ಕೇಸು ಹಾಕ್ಯಾಳಲ್ಲ ಖಾತೂನ್‌ಬೀ ಅಂತ, ನೀ ಮೊದಲ ಫೋನಿನ್ಯಾಗ ಖಾಲಾ ಖಾಲಾ ಅಂತಿದ್ದಿ, ಅವರೇನು?"

ಹೆಸರು ಒಂದೇ, ಇವರು ಬೇರೆ ಎಂದೆ. ಆ ಖಾಲಾ ಕೆಲಸ ಬಿಟ್ಟು ಹೋದರು ಎಂದೆ.

ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

2025 ಆಗಸ್ಟ್ 19

ವಕೀಲರ ಆಫೀಸಿನಲ್ಲಿ ಎರಡು ತಾಸು. ಅಫಿಡವಿಟ್ಟಿಗೆ ಸಹಿ ಮಾಡಿದೆ. ಎದುರು ವಕೀಲರು ಏನೇನು ಕೇಳಬಹುದು ಎಂದು ಕೇಳಿ ಕೇಳಿ ಅಭ್ಯಾಸ ಮಾಡಿಸಿದರು. "ಪರಿಚಯ ಇದೆ ಅಂದ್ರ ಪ್ರಶ್ನೆ ಹಿಂದ ಪ್ರಶ್ನೆ ಬರ್ತಾವ ಮೇಡಂ. ಇಲ್ಲ ಅಂದುಬಿಟ್ರ ಗ್ವಾಡಿ ಎಬ್ಬಿಸಿದಂಗ. ಆ ಕಡೆ ಏನೈತಿ ಯಾರಿಗೂ ಕಾಣಂಗಿಲ್ಲ."

ಮೊದಲೆರಡು ಸಲ ನಾಲಗೆ ತೊದಲಿತು. ಆಮೇಲೆ ಸರಿಹೋಯಿತು. ಯೋಚಿಸಿ ನೋಡಿದರೆ ನನಗೆ ನಿಜವಾಗಿ ಏನು ಗೊತ್ತಿದೆ? ಕೈ ಸಿಕ್ಕಿದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಕೂಗು ಕೇಳಿ ಹೋದವಳು.

ದವಾಖಾನೆಯ ಮಾತು ಬಂದರೆ ಏನು ಮಾಡಲಿ ಎಂದು ಇವರನ್ನು ಕೇಳುವಂತಿಲ್ಲ, ಸಾವ್ಕಾರರನ್ನು ಕೇಳುವಂತಿಲ್ಲ, ವಕೀಲರನ್ನು ಕೇಳುವಂತಿಲ್ಲ. ಆ ಹೆಂಗಸು ನನ್ನನ್ನು ಎಂಥ ಸಂಕಟಕ್ಕೆ ತಂದಿಟ್ಟಿದ್ದಾಳೆ.

2025 ಸೆಪ್ಟೆಂಬರ್ 11, ಗುರುವಾರ

ಮುಗಿಯಿತು.

ಬೆಳಿಗ್ಗೆ ಸಾವ್ಕಾರರ ಕಾರಿನಲ್ಲಿ ಹೋದೆವು. ಹೊಸ ಸೀಟ್ ಕವರ್ ಹಾಕಿಸಿದ್ದಾರೆ. ಮಸ್ಕಿಯಲ್ಲಿ ಇವರು ರಸ್ತೆಗೆ ಬಂದು ನಿಂತು ಕೈ ಬೀಸಿದರು. ಲಿಂಗಸುಗೂರಿನಲ್ಲಿ ಚುರುಮುರಿ ಒಗ್ಗರಣಿ, ಮಿರ್ಚಿ ತಿಂದೆವು. ತಿನ್ನುವುದಿಲ್ಲ ಅಂದುಕೊಂಡಿದ್ದೆ, ಹಸಿವಾಗಿತ್ತು.

ಮೊದಲು ಬಾಬುಸಾಬ್‌ನನ್ನು ಕೂಗಿದರು. ತಗಡಿನ ಮುಚ್ಚಳದ ವಿಷಯ ಎಲ್ಲ ಹೇಳಿದ. ನಮ್ಮ ವಕೀಲರು ಬೇರಿಂಗ್ ಕಾಗದ ತೋರಿಸಿದರು. ನಾನು ಟೈಪ್ ಮಾಡಿದ್ದು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದು ನನಗ ಕೊಟ್ಟs ಇಲ್ರಿ" ಎಂದ. ಹೇಗೂ ಕಳ್ಳ ಎಂದ ಮೇಲೆ ಅವನ ಮಾತಿಗೆ ಬೆಲೆ ಇರಲಿಲ್ಲ.

ಆಮೇಲೆ ನನ್ನ ಸರದಿ. ಆಕೆಯ ವಕೀಲ ಸಣ್ಣ ವಯಸ್ಸಿನವರು. ಕಪ್ಪು ಕೋಟಿನ ತೋಳು ಸವೆದಿತ್ತು. ಆಕೆಯನ್ನು ಎದ್ದು ನಿಲ್ಲಲು ಹೇಳಿದರು.

"ಇವರನ್ನು ನೋಡಿ. ಗೊತ್ತೇ?"

"ಗೊತ್ತಿಲ್ಲ."

"ಪ್ರತಿ ಶನಿವಾರ ನಿಮ್ಮ ಕೈಯಿಂದಲೇ ಇವರಿಗೆ ಕೂಲಿ ಕೊಡುತ್ತಿದ್ದಿರಿ ಎಂದರೆ?"

"ಸುಳ್ಳು. ಅವರು ನಮ್ಮ ಗಿರಣಿಯವರಲ್ಲ."

"ಗಿರಣಿಯ ಹೊರಗೆ ಎಲ್ಲಾದರೂ ನೋಡಿದ್ದೀರಾ? ನೆನಪು ಮಾಡಿಕೊಳ್ಳಿ."

ಬಂತು ಎಂದುಕೊಂಡೆ. ಕಟಕಟೆಯ ಕಟ್ಟಿಗೆ ಗಟ್ಟಿಯಾಗಿ ಹಿಡಿದೆ. ಆಕೆ ನನ್ನ ಕಡೆ ನೋಡುತ್ತಿರಲಿಲ್ಲ. ಕೋರ್ಟಿನಲ್ಲಿ ಟೈಪ್ ಮಾಡುವವಳ ಬೆರಳುಗಳನ್ನು ನೋಡುತ್ತಿದ್ದಳು. ಖಾಲಿ ತೋಳಿನ ತುದಿಯನ್ನು ಪಿನ್ ಹಾಕಿ ಮಡಿಚಿದ್ದರು.

"ಎಲ್ಲಿಯೂ ನೋಡಿಲ್ಲ."

ವಕೀಲರು ಆಕೆಯ ಕಡೆ ತಿರುಗಿ ಒಂದು ಕ್ಷಣ ಕಾದರು. ಮುಸರತ್ ಬಗ್ಗಿ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ಆಕೆ ಇಲ್ಲ ಎಂದು ತಲೆ ಆಡಿಸಿದಳು. ವಕೀಲರು ಇನ್ನೇನೂ ಕೇಳಲಿಲ್ಲ.

ಹೇಳಿಲ್ಲ. ಆ ದವಾಖಾನೆಯ ಮಾತನ್ನು ಆಕೆ ತನ್ನ ವಕೀಲರಿಗೆ ಹೇಳಿಯೇ ಇಲ್ಲ. ಇಳಿದು ಬರುವಾಗ ಎದೆ ಎಷ್ಟು ಹಗುರಾಗಿತ್ತೆಂದರೆ ಎಷ್ಟೋ ತಿಂಗಳ ಮೇಲೆ ಇವತ್ತು ಕಾರಿನಲ್ಲಿ ನಿದ್ದೆ ಬಂತು.

2025 ಸೆಪ್ಟೆಂಬರ್ 15

ತಲೆನೋವು. ರಜೆ ಹಾಕಿದೆ. ಇವರು ಗೊರೇಬಾಳಕ್ಕೆ ಹೋಗಿ ತಾಜಾ ತರಕಾರಿ ತಂದರು.

2026 ಜನವರಿ 20

ಅರ್ಜಿ ವಜಾ ಆಗಿದೆ. ಅರ್ಜಿದಾರಳು ಗಿರಣಿಯಲ್ಲಿ ಕೆಲಸಕ್ಕಿದ್ದಳೆಂದು ಸಾಬೀತಾಗಿಲ್ಲ. ಸಾವ್ಕಾರರು ಎಲ್ಲರಿಗೂ ಪೇಡೆ ಹಂಚಿದರು. ನನ್ನ ಮೇಜಿನ ಮೇಲೆ ಎರಡು ಇಟ್ಟರು.

ಮೇಲಿನ ಕೋರ್ಟಿಗೆ ಹೋಗಬಹುದಂತೆ. ಹೋಗುವುದಿಲ್ಲ ಅನ್ನುತ್ತಾರೆ ವಕೀಲರು, ಅಂಥವರಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು.

ಬಾಕಿ ಲೆಕ್ಕ ಬಹಳ ಇದೆ. ವಾರಪೂರ್ತಿ ಆಗುತ್ತದೆ.

2026 ಫೆಬ್ರುವರಿ 21, ಶನಿವಾರ

ಅತ್ತೆಯ ಕಣ್ಣು ತೋರಿಸಬೇಕಿತ್ತು. ನಿನ್ನೆ ಸಂತೆಕಲ್ಲೂರಿಗೆ ಹೋಗಿ ಇವತ್ತು ಅವರನ್ನು ಕರೆದುಕೊಂಡು ಹೊರಟೆ. ಮಸ್ಕಿಯಲ್ಲಿ ಲಿಂಗಸುಗೂರಿನಿಂದ ಬಂದ ಸಿಂಧನೂರು ಬಸ್ಸು ಹತ್ತಿದೆವು. ಕಾಲಿಡಲು ಜಾಗವಿರಲಿಲ್ಲ. ಮೂರನೆಯ ಸಾಲಿನಲ್ಲಿ ಒಬ್ಬಳು ಹೆಂಗಸು ಸರಿದು ಕುಳಿತು ಅತ್ತೆಗೆ ಜಾಗ ಕೊಟ್ಟಳು. ಅತ್ತೆ ಕುಳಿತರು. ನಾನು ಪಕ್ಕದಲ್ಲೇ ಕಂಬ ಹಿಡಿದು ನಿಂತೆ. ಆಮೇಲೆ ನೋಡಿದೆ.

ತಿರುಗಿ ಹಿಂದೆ ಹೋಗಬೇಕೆಂದರೆ ಜನ. ಇಳಿಯಬೇಕೆಂದರೆ ಬಸ್ಸು ಹೊರಟಿತ್ತು.

ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದ. ಆಕೆ ಕಾರ್ಡನ್ನು ತೋರಿಸಿ, ಹಲ್ಲಿನಲ್ಲಿ ಕಚ್ಚಿ ಹಿಡಿದು, ಎಡಗೈಯಲ್ಲಿ ಟಿಕೆಟ್ ಇಸಿದುಕೊಂಡಳು. ಅತ್ತೆ, "ಕೊಡು ಯವ್ವ ಇಲ್ಲಿ" ಎಂದು ಎರಡನ್ನೂ ತೆಗೆದುಕೊಂಡು ಆಕೆಯ ಸಂಚಿಯಲ್ಲಿ ಇಟ್ಟು ದಾರ ಎಳೆದು ಕಟ್ಟಿದರು.

"ಕೈಗೇನಾತವ್ವ?"

"ಗಿರಣ್ಯಾಗ ಹೋತವ್ವ. ಬೆಲ್ಟಿಗೆ ಸಿಕ್ಕಿತ್ತು."

"ಶಿವನs. ಏನರ ಕೊಟ್ರೇನು ಅವರು?"

"ಕೋರ್ಟಿಗೆ ಹೋಗಿದ್ವಿ. ಆಗಲಿಲ್ಲ."

"ಯಾರೂ ಸಾಕ್ಷಿ ಹೇಳಲಿಲ್ಲೇನು?"

"ಒಬ್ಬಾಂವ ಹೇಳಿದ. ಅವನ ಮಾತು ನಡೀಲಿಲ್ಲ."

ಅತ್ತೆ ಲೊಚಗುಟ್ಟಿದರು. ಈಗ ಎಲ್ಲಿಗೆ ಹೊರಟೆ ಎಂದು ಕೇಳಿದರು. ಮಗಳ ಹತ್ತಿರ ಎಂದಳು ಆಕೆ. ಮಗಳು ಏನು ಮಾಡುತ್ತಾಳೆ? "ಹೊಲಿಗಿ ಮಷಿನ್ ಮಾರಿದ್ವಿ. ಈಗ ಆಕೀನೂ ಗಿರಣ್ಯಾಗ ಕಸ ಹೊಡೀತಾಳ."

"ನೀ ಇದ್ದ ಗಿರಣಿ ಯಾವ್ದವ್ವ?"

ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಹೊರಗೆ ಏನಿತ್ತೋ ಗೊತ್ತಿಲ್ಲ.

"ಅಲ್ಲೇ ಸಿಂಧನೂರಾಗ ಒಂದು. ಹೆಸರು ನೆನಪಿಲ್ಲವ್ವ" ಎಂದಳು ಆಕೆ.

"ಅಯ್ಯ, ದುಡಿದ ಗಿರಣಿ ಹೆಸರು ನೆನಪಿಲ್ಲೇನು? ನಮ್ಮ ಸೊಸೀನೂ ಅಲ್ಲೇ ಒಂದು ಗಿರಣ್ಯಾಗ ಅದಾಳ, ಆಫೀಸಿನ್ಯಾಗ" ಎಂದು ಅತ್ತೆ ನನ್ನ ಸೀರೆ ಜಗ್ಗಿದರು. "ಏ ವಿಜಿ, ಈಕೀನ್ನ ಎಲ್ಲೆರ ನೋಡಿಯೇನು?"

ಆಕೆ ತಲೆ ಎತ್ತಿದಳು. ಇಷ್ಟು ಹತ್ತಿರದಿಂದ ನೋಡಿ ವರ್ಷವಾಗಿತ್ತು. ಕೆನ್ನೆ ಒಳಗೆ ಹೋಗಿದೆ.

"ಇಲ್ರಿ ಅತ್ತಿ" ಎಂದೆ.

"ಆಕಿಗೆ ಹೆಂಗ ಗೊತ್ತಿರ್ತೈತಿ ಬಿಡವ್ವ" ಎಂದಳು ಆಕೆ. "ಸಿಂಧನೂರಾಗ ಗಿರಣಿ ಒಂದs, ಎರಡs."

ಆಮೇಲೆ ಇಬ್ಬರೂ ಮಂಡಿನೋವಿನ ಮಾತಿಗೆ ಬಿದ್ದರು. ಎಳ್ಳೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಸಿ ಹಚ್ಚಬೇಕೆಂದು ಆಕೆ ಹೇಳಿಕೊಟ್ಟಳು.

ಸಿಂಧನೂರಿನಲ್ಲಿ ಅತ್ತೆ ಆಕೆಯ ಚೀಲ ಹಿಡಿದುಕೊಂಡು ಮೆಲ್ಲಗೆ ಇಳಿಸಿದರು. ನಾನು ಮುಂದಿನ ಬಾಗಿಲಿನಿಂದ ಇಳಿದು ಆಟೋ ನಿಲ್ಲಿಸಿದೆ. ಅತ್ತೆ ದಾರಿಯುದ್ದಕ್ಕೂ ಆಕೆಯ ಮಾತೇ ಆಡುತ್ತಿದ್ದರು. ಎಂಥ ಸಮಾಧಾನದ ಹೆಂಗಸು, ಒಬ್ಬರ ಮೇಲೂ ಒಂದು ದೂರಿಲ್ಲ ಎಂದರು.

ಆಕೆಗೆ ನನ್ನ ಗುರುತು ಸಿಕ್ಕಿರಲಿಕ್ಕಿಲ್ಲ. ಬಸ್ಸಿನಲ್ಲಿ ಕುಳಿತವರಿಗೆ ನಿಂತವರ ಮುಖ ಸರಿಯಾಗಿ ಕಾಣುವುದಿಲ್ಲ.